ಅಕ್ಕನಿಗೆ ಬಿಟ್ಟ ಜಾಗ

ಒಂದು ಮನೆಯಲ್ಲಿ ಅಕ್ಕ ತಂಗಿ ಇಬ್ಬರಿದ್ದರಂತೆ. ತಂಗಿಗೆ ಕೂತರೆ ಏಳಲು ಬಾರದು, ಅಕ್ಕನಿಗೆ ನಿಂತರೆ ಕೂರಲು ಬಾರದು. ಹುಟ್ಟುವಾಗ ಯಾರೋ ಇಬ್ಬರ ಕಿವಿಯಲ್ಲೂ ಬೇರೆ ಬೇರೆ ಮಂತ್ರ ಊದಿ ಹೋಗಿದ್ದರೋ ಏನೋ. ಕತೆಗಳಲ್ಲಿ ಬರುವ ಮನೆಯಾಗಿದ್ದರೆ ಇಷ್ಟು ಹೊತ್ತಿಗೆ ಬಾಗಿಲಿಗೆ ಹಣ್ಣು ಹಣ್ಣು ಮುದುಕಿಯೊಬ್ಬಳು ಬಂದು, ಒಂದು ಲೋಟ ನೀರು ಕೇಳಿ ಕುಡಿದು, ಇಬ್ಬರ ತಲೆ ಸವರಿ ಶಾಪ ಬಿಡಿಸಿ ಹೋಗುತ್ತಿದ್ದಳು. ಈ ಮನೆಗೆ ಅಂಥವರು ಯಾರೂ ಬರಲಿಲ್ಲ. ಬೆಳಗಾದರೆ ಬರುತ್ತಿದ್ದದ್ದು ಲಾಡ್ಜಿನ ಬೆಡ್‌ಶೀಟುಗಳ ಮೂಟೆ ಮಾತ್ರ, ಸೈಕಲ್ ಗಾಡಿಯ ಮೇಲೆ.

ಅಕ್ಕ ಆ ಬೆಡ್‌ಶೀಟುಗಳನ್ನು ಒಗೆಯುತ್ತಿದ್ದಳು. ತಂಗಿ ಚಿತ್ರ ಬರೆಯುತ್ತಿದ್ದಳು. ಬೆರಳಿಗೆ, ಮೂಗಿನ ತುದಿಗೆ, ಒಮ್ಮೊಮ್ಮೆ ಊಟದ ತಟ್ಟೆಯ ಅಂಚಿಗೂ ಬಣ್ಣ ಮೆತ್ತಿಕೊಂಡಿರುತ್ತಿದ್ದ ತಂಗಿಯನ್ನು ಅಕ್ಕ ಚಿಕ್ಕಂದಿನಲ್ಲೇ ‘ಮಸಿ’ ಎಂದು ಕರೆದಿದ್ದಳು. ಇಬ್ಬರಿಗೂ ಕೂದಲು ನರೆತರೂ ಆ ಹೆಸರು ಒಗೆದು ಹೋಗಿರಲಿಲ್ಲ.

ಮಸಿ ಬರೆಯುತ್ತಿದ್ದದ್ದು ರಾಜರಾಣಿಯರನ್ನಲ್ಲ, ಬೆಟ್ಟದ ಮೇಲಿನ ಕೋಟೆಯನ್ನೂ ಅಲ್ಲ. ನಲ್ಲಿಯ ಬಾಯಲ್ಲಿ ಬೀಳಲೋ ಬೇಡವೋ ಎಂದು ನಿಂತ ಹನಿ. ಕಿಟಕಿಯ ಸರಳಿಗೆ ಸಿಕ್ಕಿಸಿದ ಒರೆಸುಬಟ್ಟೆ. ಗೋಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುವ ಪಕ್ಕದ ಮನೆಯ ಬೆಕ್ಕು. ಮಳೆ ನಿಂತ ಮೇಲೆ ಬೀದಿಯ ಗುಂಡಿಯೊಳಗೆ ಬಿದ್ದ ಒಂದು ತುಂಡು ಆಕಾಶ. ಬಸ್ಸಿಗೆ ಕಾದು ಕಾದು ಎಲ್ಲರೂ ಒಂದೇ ಕಡೆಗೆ ವಾಲಿದ ಜನ. ಹಿತ್ತಲ ದಾಳಿಂಬೆ ಗಿಡ, ಅದರಲ್ಲಿ ಜಗಳಾಡುವ ಗುಬ್ಬಿಗಳು. ಇಂಥವನ್ನು ನೋಡಿದವರು “ಅರೆ, ನಮ್ಮ ನಲ್ಲಿ ಥರಾನೇ ಇದೆ” ಎಂದು ಖುಷಿಪಡುತ್ತಿದ್ದರು. ಖುಷಿಪಟ್ಟು ಮನೆಗೆ ಹೋಗಿ ತಮ್ಮ ನಲ್ಲಿಯನ್ನೇ ನೋಡಿಕೊಳ್ಳುತ್ತಿದ್ದರು.

ಹಾಗಾಗಿ ಹೊಟ್ಟೆಪಾಡಿಗೆ ಅವಳು ಬೀಜದ ಕಂಪನಿಯೊಂದಕ್ಕೆ ಪೊಟ್ಟಣದ ಮೇಲಿನ ತರಕಾರಿ ಬರೆಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಟ್ಯೂಬ್‌ಲೈಟಿನ ಕೆಳಗೆ ಮೂಲಂಗಿ, ಸೌತೆ, ಬದನೆ. ಮ್ಯಾನೇಜರು ಹಿಂದಿನಿಂದ ಬಗ್ಗಿ ನೋಡಿ ಹೇಳುತ್ತಿದ್ದರು: “ಇನ್ನೂ ಸ್ವಲ್ಪ ಹೊಳಪು ಬರ್ಲಿ ಮೇಡಂ. ಈ ಬದನೆಕಾಯಿ ಯಾಕೋ ಮನಸ್ಸಿಗೆ ಹಚ್ಚಿಕೊಂಡು ಕೂತ ಹಾಗಿದೆ.” ಬದನೆಕಾಯಿಗೆ ಧೈರ್ಯ ತುಂಬಿ ತುಂಬಿ ಮಸಿಯ ಕಣ್ಣು ಸೋತುಹೋಗಿತ್ತು. ಮನೆಗೆ ಬಂದರೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವುದೂ ಒಂದು ಕೆಲಸವೆನಿಸುತ್ತಿತ್ತು.

ಅಕ್ಕನಿಗೆ ಒಂದು ಮಾತು ಕೊಟ್ಟಿದ್ದಳು. ಅದು ಬಹಳ ಹಳೆಯ ಮಾತು. ಅಮ್ಮ ತೀರಿಕೊಂಡ ಮೇಲೆ ಒಗೆಯುವ ಕಲ್ಲಿನ ಮುಂದೆ ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ಅಕ್ಕ ನಿಂತಳು. ಇನ್ನೂ ಎರಡು ಜಡೆ ಹಾಕಿಕೊಳ್ಳುವ ವಯಸ್ಸು ಅವಳದು. ಮಸಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದಳು. ಒಂದು ದಿನ ಅಕ್ಕ ಹಿಂಡಿದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡೇ ಬಗ್ಗಿ ನೋಡಿದಳು.

“ಬಕೆಟ್ ಬರ್ದೆ, ಬೆಕ್ಕು ಬರ್ದೆ, ಆ ಹಾಳು ನಲ್ಲೀನೂ ಬರ್ದೆ. ನಾನೇನು ಅದಕ್ಕಿಂತ ಕಡೆಯಾದ್ನಾ?”

“ನಿನ್ನನ್ನೂ ಬರೀತೀನಿ ಅಕ್ಕ. ಒಂದು ಚೂರು ನಿಲ್ಲು.”

“ಬಂದೆ ಇರು, ಇದೊಂದು ಹರವಿ ಬರ್ತೀನಿ.”

ಹರವಲು ಹೋದ ಅಕ್ಕ ಇನ್ನೂ ಬಂದಿರಲಿಲ್ಲ. ನಡುವೆ ಅವಳಿಗೆ ಮದುವೆಯಾಯಿತು, ಮಗಳು ಹುಟ್ಟಿ ದೊಡ್ಡವಳಾಗಿ ತನ್ನ ಸಂಸಾರ ಹೂಡಿದಳು, ರಾತ್ರಿ ಪಾಳಿಯ ಕಾವಲು ಕೆಲಸದ ಭಾವ ಹಗಲೆಲ್ಲ ಒಳಕೋಣೆಯಲ್ಲಿ ಗೊರಕೆ ಹೊಡೆಯುವುದನ್ನು ರೂಢಿ ಮಾಡಿಕೊಂಡರು. ಅಕ್ಕನ ‘ಬಂದೆ ಇರು’ ಮಾತ್ರ ಹಾಗೇ ತಂತಿಯ ಮೇಲೆ ತೂಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಮಸಿ ಹಟ ಹಿಡಿದು ದೊಡ್ಡ ಹಾಳೆ ಹಲಗೆಗೆ ಅಂಟಿಸಿದಳು. ಹಿತ್ತಲು ಇಡಿಯಾಗಿ ಬರಬೇಕು, ನಡುವೆ ಅಕ್ಕ. ಅವಳದು ನೀರುಬಣ್ಣ. ಅದರಲ್ಲಿ ಬಿಳಿ ಹಚ್ಚುವುದೆಂಬುದೇ ಇಲ್ಲ, ಬಿಳಿ ಬೇಕಾದ ಕಡೆ ಕಾಗದವನ್ನು ಮುಟ್ಟದೆ ಬಿಡಬೇಕು. ಒಮ್ಮೆ ಬಣ್ಣ ಕುಡಿದ ಕಾಗದ ಮತ್ತೆ ಬಿಳಿಯಾಗದು. ಅದಕ್ಕೇ ಮಸಿ ಮನುಷ್ಯರನ್ನು ಕೊನೆಗೆ ಬರೆಯುತ್ತಿದ್ದಳು. ಮೊದಲು ಅವರ ಸುತ್ತಲಿನದೆಲ್ಲ ಬರೆದು, ಅವರಿಗೊಂದು ಜಾಗ ಬಿಟ್ಟಿರುತ್ತಿದ್ದಳು, ಊಟಕ್ಕೆ ತಡವಾಗಿ ಬರುವವರಿಗೆ ತಟ್ಟೆ ಹಾಕಿಟ್ಟ ಹಾಗೆ.

ಪಾಚಿ ಕಟ್ಟಿದ ಗೋಡೆ ಬಂತು. ದಾಳಿಂಬೆ ಗಿಡ ಬಂತು, ಗುಬ್ಬಿಗಳೂ ಬಂದವು. ಒಗೆಯುವ ಕಲ್ಲು, ಅದರ ತಣ್ಣನೆಯ ಬೂದು ಬಣ್ಣ, ಕಾಲಡಿಯ ಒದ್ದೆ ನೆಲ, ನೀಲಿ ನೀರಿನ ಬಕೆಟ್ಟು. ನಡುವೆ ಬಿಳಿ ಉಳಿಯಿತು: ಎರಡೂ ಕೈಯೆತ್ತಿ ತಂತಿಯ ಮೇಲೆ ಅಗಲವಾದ ಬೆಡ್‌ಶೀಟು ಎಸೆಯುತ್ತಿರುವ ಹೆಂಗಸಿನ ಆಕಾರ, ಬಟ್ಟೆಯೂ ಬಿಳಿ, ಹೆಂಗಸೂ ಬಿಳಿ. ಇನ್ನು ಅಕ್ಕ ಬಂದು ಕೈಯೆತ್ತಿ ನಿಲ್ಲುವುದೊಂದೇ ಬಾಕಿ.

“ಅಕ್ಕಾ, ಬಾ.”

“ಬಂದೆ ಇರು.”

“ನೀನು ಬರೋದರೊಳಗೆ ಬಣ್ಣ ಒಣಗುತ್ತೆ.”

“ಒಣಗಲಿ ಬಿಡು. ಒಣಗೋದೇ ಅಲ್ವಾ ಈ ಮನೇಲಿ ನಡೆಯೋ ಕೆಲಸ.”

ಒಮ್ಮೆ ಬಂದು ನಿಂತದ್ದೂ ಉಂಟು. ಕೈಯೆತ್ತಿದಳು, ಇಸ್ತ್ರಿಪೆಟ್ಟಿಗೆ ನೆನಪಾಯಿತು, ಓಡಿದಳು. ಇನ್ನೊಮ್ಮೆ ಕೈಯೆತ್ತಿದಾಗ ಹೆಗಲಿನ ನೋವಿಗೆ ಮುಖ ಕಿವುಚಿಕೊಂಡಿತು. “ಇದೇ ಮುಖ ಬರೀಬೇಡ ಮತ್ತೆ” ಎಂದು ಹೇಳಿ ಹೋದಳು. ಮಸಿಗೂ ಮೂಲಂಗಿಗಳ ಅವಸರದ ಕಾಲ. ಚಿತ್ರ ಕೋಣೆಯ ಮೂಲೆ ಸೇರಿತು.

ಮಳೆ ಹಿಡಿಯುವ ಮುಂಚೆ ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ಮಸಿಯ ಚಿತ್ರಗಳನ್ನು ತೂಗುಹಾಕುವುದೆಂದು ಗೊತ್ತಾಯಿತು. ಅವಳಿಗೆ ಪಾಠ ಹೇಳಿದ್ದ ಡ್ರಾಯಿಂಗ್ ಮೇಷ್ಟ್ರು ಓಡಾಡಿ ಮಾಡಿಸಿದ್ದು. ಫ್ರೇಮ್ ಅಂಗಡಿಯವನು ಚಿತ್ರ ಒಯ್ಯಲು ಬಂದ ದಿನ ಮಸಿ ಕಂಪನಿಯಲ್ಲಿದ್ದಳು. “ಕಿಟಕಿ ಕಡೆ ಗೋಡೆಗೆ ಒರಗಿಸಿರೋದೆಲ್ಲ ಕೊಟ್ಟುಬಿಡು ಅಕ್ಕ” ಎಂದಿದ್ದಳು. ಅಕ್ಕ ಅಂದು ಬೆಳಿಗ್ಗೆ ಕೋಣೆ ಗುಡಿಸಿದ್ದಳು. ಗುಡಿಸುವಾಗ ಮೂಲೆಯಲ್ಲಿದ್ದುದನ್ನೂ ತೆಗೆದು, ಧೂಳು ಒರೆಸಿ, ಉಳಿದವುಗಳ ಜೊತೆ ಕಿಟಕಿಯ ಕಡೆಗೇ ಒರಗಿಸಿದ್ದಳು. ಬಣ್ಣದ ಕಡೆ ಗೋಡೆಗೆ ಮುಖ ಮಾಡಿ, ಮಸಿ ಹೇಳಿಕೊಟ್ಟಿದ್ದ ಹಾಗೆಯೇ.

ಮಸಿ ಗ್ರಂಥಾಲಯದ ಹಾಲಿಗೆ ಹೋದಾಗ ಆ ಚಿತ್ರ ಎದುರುಗೋಡೆಯ ನಟ್ಟನಡುವೆ, ಗಾಜಿನ ಹಿಂದೆ, ದೀಪದ ಕೆಳಗಿತ್ತು. ಅದರ ಮುಂದೆ ಜನ ನಿಂತಿದ್ದರು. ನಲ್ಲಿಯ ಮುಂದೆ, ಬೆಕ್ಕಿನ ಮುಂದೆ ಯಾರೂ ಇರಲಿಲ್ಲ.

ಮೇಷ್ಟ್ರು ಅವಳ ಭುಜ ಹಿಡಿದುಕೊಂಡರು. ಅವರ ಕಣ್ಣು ತೇವವಾಗಿತ್ತು. “ಕಡೆಗೂ ಮಾಡಿದೆಯಮ್ಮ. ಇಷ್ಟು ವರ್ಷ ಎಲ್ಲವನ್ನೂ ಬರೀತಿದ್ದೆ. ಬರೆಯದೆ ಬಿಡೋದು ಯಾವಾಗ ಕಲಿತೆ?”

ಅದು ಮುಗಿದಿಲ್ಲ ಸರ್, ತಪ್ಪಿ ಬಂದಿದೆ ಎನ್ನಲು ಮಸಿ ಬಾಯಿ ತೆರೆದಳು. ಆದರೆ ಹೊಗಳಿಕೆ ಕೇಳಿ ಬಹಳ ಕಾಲವಾಗಿತ್ತು, ಕಾಲು ನೋಯುತ್ತಿತ್ತು, ಅಷ್ಟೆಲ್ಲ ವಿವರಿಸುವ ತ್ರಾಣವಿರಲಿಲ್ಲ. “ಹೀಗೇ ಬಂತು ಸರ್” ಎಂದುಬಿಟ್ಟಳು. ಒಂದು ಸಲ ಹೀಗೆಂದ ಮೇಲೆ ಹಿಂದೆ ಸರಿಯಲು ದಾರಿಯಿರಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ತಮ್ಮ ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರ ಎದುರಿಗೆ ಇದೇ ಚಿತ್ರ ಬೇಕೆಂದರು. ನೋಡುತ್ತಾ ಕೂತರೆ ಹಲ್ಲುನೋವು ಮರೆತುಹೋಗುತ್ತದಂತೆ. ಅದಕ್ಕೂ ತಲೆಯಾಡಿಸಿದಳು. ಗ್ರಂಥಾಲಯದವರು ಕೆಳಗೊಂದು ಚೀಟಿ ಅಂಟಿಸಿದ್ದರು: ‘ಇಲ್ಲದವಳು’.

ಕಡೆಯ ದಿನ ಅಕ್ಕ ಬಂದಳು. ಬರುತ್ತೇನೆಂದು ಹೇಳಿರಲಿಲ್ಲ. ಇಸ್ತ್ರಿ ಮಾಡಿದ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಮಹಡಿ ಹತ್ತಿದ ಏದುಸಿರಿಗೆ ಒಂದು ಕೈ ಗೋಡೆಗೆ ಕೊಟ್ಟು ನಿಂತಿದ್ದಳು. ಮಸಿ ದೂರದಲ್ಲಿ ಯಾರಿಗೋ ದಾಳಿಂಬೆ ಗಿಡದ ವಿಷಯ ಹೇಳುತ್ತಿದ್ದವಳು ಅವಳನ್ನು ಕಂಡು ಅರ್ಧದಲ್ಲೇ ನಿಲ್ಲಿಸಿದಳು.

ಅಕ್ಕ ಒಂದೊಂದೇ ಚಿತ್ರ ನೋಡುತ್ತಾ ಬಂದಳು. ನಲ್ಲಿ, ಬೆಕ್ಕು, ಬಸ್ಸಿನ ಜನ. ನೆಂಟರ ಮನೆಯಲ್ಲಿ ಗುರುತಿನ ಮುಖ ಹುಡುಕುವವಳ ಹಾಗೆ ಪ್ರತಿಯೊಂದರ ಹತ್ತಿರವೂ ಒಂದು ಗಳಿಗೆ ನಿಂತಳು. ಎದುರುಗೋಡೆಗೆ ಬಂದಾಗ ತನ್ನ ಹಿತ್ತಲನ್ನು ಕಂಡು ಮುಖ ಅರಳಿತು. ಆಮೇಲೆ ಬಿಳಿಯನ್ನು ನೋಡಿದಳು. ಬಗ್ಗಿ ಚೀಟಿ ಓದಿದಳು. ಪಕ್ಕದಲ್ಲಿ ನಿಂತಿದ್ದ, ಕೊಡೆ ಹಿಡಿದ ಹೆಂಗಸು ಅವಳಿಗೆ ಏನೋ ಹೇಳಿದಳು. ಅಕ್ಕ ಮೆಲ್ಲಗೆ ಹೌದೆನ್ನುವಂತೆ ತಲೆಯಾಡಿಸಿದಳು.

ಮಸಿ ಹತ್ತಿರ ಬಂದಾಗ ಅಕ್ಕ ಅಂದದ್ದು ಇಷ್ಟೇ: “ಬಕೆಟ್ ಚೆನ್ನಾಗಿ ಬಂದಿದೆ.”

ಇಬ್ಬರೂ ನಡೆದೇ ಮನೆಗೆ ಹೊರಟರು. ಅಕ್ಕ ಮುಂದೆ, ಮಸಿ ಒಂದು ಹೆಜ್ಜೆ ಹಿಂದೆ. ಚಪ್ಪಲಿ ರಿಪೇರಿಯವನ ಮೂಲೆ ದಾಟಿದ ಮೇಲೆ ಮಸಿ ಕೇಳಿದಳು, “ಆ ಕೊಡೆಯವಳು ಏನಂದಳು ನಿಂಗೆ?”

“ಏನಿಲ್ಲ. ಪಾಪ, ಇವರ ಮನೇಲಿ ಯಾರೋ ಹೋಗ್ಬಿಟ್ಟಿರಬೇಕು, ಎಷ್ಟು ಚೆನ್ನಾಗಿ ನೆನೆಸ್ಕೊಂಡಿದಾರೆ ನೋಡಿ, ಅಂದಳು.”

“ನೀನೇನಂದೆ?”

“ಹೌದಮ್ಮ, ಒಳ್ಳೆ ಹೆಂಗಸು, ಬಟ್ಟೆ ಒಗೀತಾ ಇದ್ದಳು ಅಂದೆ.”

ಮಸಿಗೆ ನಗು ಬಂತು. ಅಕ್ಕ ನಗಲಿಲ್ಲ.

“ಅದು ಮುಗಿದಿರಲಿಲ್ಲ ಅಕ್ಕ. ತಪ್ಪಿ ಹೋಯ್ತು. ನೀನೇ ಕಿಟಕಿ ಕಡೆ ಇಟ್ಟಿದ್ದು.”

“ಓಹೋ, ಕೊನೆಗೆ ಅದೂ ನನ್ನ ತಲೆಗೇ ಬಂತು. ಗುಡಿಸಿದ್ದು ತಪ್ಪಾಯ್ತು ಬಿಡು.” ಸ್ವಲ್ಪ ದೂರ ನಡೆದು ಮತ್ತೆ ಅಂದಳು, “ಮುಗಿದಿಲ್ಲ ಅಂತ ಅಲ್ಲಿ ಯಾರಿಗಾದ್ರೂ ಹೇಳಿದ್ಯಾ?”

ಮಸಿ ಬೀದಿಯ ಗುಂಡಿಯೊಂದನ್ನು ಸುತ್ತಿ ನಡೆದಳು.

“ನಂಗೇನು ಬೇಜಾರಿಲ್ಲ ಮಸಿ. ಜನ ಇಷ್ಟಪಟ್ಟರಲ್ಲ, ಸಾಕು. ನಾನಿದ್ದಿದ್ದರೆ ಇಷ್ಟಪಡ್ತಿರಲಿಲ್ಲ ಅಂತ ಕಾಣುತ್ತೆ.” ಮನೆ ಬಂತು. ಅಕ್ಕ ಬಾಗಿಲು ತೆಗೆದವಳು ಒಳ್ಳೆಯ ಬಟ್ಟೆ ಬದಲಿಸಿ, ಮಡಚಿಟ್ಟು, ನೇರ ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಬಟ್ಟೆ ಬೀಳುವ ಸದ್ದು ಕೇಳಿತು, ದಪ್, ದಪ್, ಎಂದಿನಂತೆ. ಅದರಲ್ಲಿ ಕೋಪವಿದ್ದಿದ್ದರೆ ಮಸಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ರಜೆ. ಮಸಿ ಬೆಳಿಗ್ಗೆಯೇ ಫ್ರೇಮ್ ಅಂಗಡಿಗೆ ಹೋದಳು. ಅಂಗಡಿಯ ತುಂಬ ಮರದ ಹೊಟ್ಟು, ಸರೇಸು ಅಂಟಿನ ವಾಸನೆ. ಯಾರ ಯಾರದೋ ಮದುವೆಯ ಫೋಟೋಗಳು ಗಾಜಿಗಾಗಿ ಕಾಯುತ್ತಿದ್ದವು. ಹಿತ್ತಲ ಚಿತ್ರ ಆಗಲೇ ಕಂದುಕಾಗದದೊಳಗೆ ಸೇರಿತ್ತು. ಅಂಗಡಿಯವನು ಬಾಯಲ್ಲಿ ದಾರ ಕಚ್ಚಿಕೊಂಡು ಗಂಟು ಬಿಗಿಯುತ್ತಿದ್ದ. ಮಧ್ಯಾಹ್ನ ಡಾಕ್ಟರ ಕಡೆಯವರು ಬರುವವರಿದ್ದರು.

“ಬಿಚ್ಚಿ” ಎಂದಳು ಮಸಿ. “ಗಾಜೂ ತೆಗೀಬೇಕು.”

ಅವನು ದಾರ ಉಗಿದ. “ಯಾಕೆ ಮೇಡಂ, ಗೀಚು ಬಿದ್ದಿದೆಯಾ?”

“ಚಿತ್ರ ಮುಗಿದಿಲ್ಲ.”

“ಮುಗಿದಿಲ್ವಾ?” ಅವನು ಅವಳನ್ನೂ ಕಾಗದದ ಮೂಟೆಯನ್ನೂ ನೋಡಿದ. “ಊರೆಲ್ಲಾ ನೋಡಿ ಆಯ್ತು. ಡಾಕ್ಟ್ರು ಈ ಬಿಳಿ ನೋಡೇ ಒಪ್ಪಿದ್ದು. ನಿಮ್ಮ ಮೇಷ್ಟ್ರು ನಂಗೆ ಅರ್ಧ ಗಂಟೆ ಅದನ್ನೇ ವಿವರಿಸಿದ್ರು, ನನಗೆ ಅರ್ಥವಾಗ್ಲಿಲ್ಲ ಅನ್ನೋದು ಬೇರೆ ಮಾತು. ಈಗ ನೀವು ಅದರಲ್ಲಿ ಏನು ಬರೀತೀರಿ?”

“ನಮ್ಮಕ್ಕನ್ನ.”

ಅಕ್ಕನ ಕೈಯಿಂದಲೇ ಚಿತ್ರಗಳನ್ನು ಒಯ್ದವನು ಅವನು. ಆ ದಿನ ಅವಳು ನಿಂತೇ ಅವನಿಗೆ ನೀರು ಕೊಟ್ಟು, ನಿಂತೇ ಲೋಟ ತೊಳೆದಿದ್ದಳು. ಅವನು ಗಂಟು ಬಿಚ್ಚಿದ. ಹಿಂದಿನ ಮೊಳೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದ.

“ಡಾಕ್ಟ್ರಿಗೆ ಏನು ಹೇಳ್ಲಿ?”

“ನಾನೇ ಹೇಳ್ತೀನಿ. ಬೇಡ ಅಂದರೆ ಬೇಡ.”

“ಅವರಿಗೆ ನಿಮ್ಮ ಮೂಲಂಗಿ ಚಿತ್ರ ಕೊಡಿ. ಬಿಳಿಯಾಗಿದೆ, ಹಲ್ಲಿಗೂ ಹತ್ತಿರ.”

ಡಾಕ್ಟರು ಬೇಡವೆಂದೇ ಹೇಳಿದರು. ಫೋನಿನಲ್ಲಿ ಅವರ ದನಿ ಮರ್ಯಾದೆಯಿಂದಲೇ ಇತ್ತು, ತಣ್ಣಗಿತ್ತು. ಮೇಷ್ಟ್ರಿಗೂ ಮಸಿಯೇ ಹೇಳಿದಳು. ಅವರು “ಕೈಯಾರೆ ಕೆಡಿಸ್ತೀಯ” ಎಂದು ಫೋನ್ ಇಟ್ಟುಬಿಟ್ಟರು. ಮಸಿ ಚಿತ್ರವನ್ನು ಎದೆಗಾನಿಸಿಕೊಂಡು ನಡೆದಳು. ಗಾಜಿಲ್ಲದ ಚಿತ್ರ ಹಗುರವಾಗಿತ್ತು. ಮೈ ಮಾತ್ರ ಭಾರ, ಮೂಟೆ ಹೊತ್ತವಳಂತೆ.

ಹಿತ್ತಲಲ್ಲಿ ಅಕ್ಕ ಅದೇ ಜಾಗದಲ್ಲಿದ್ದಳು. ಹಿಂಡಿದ ಬೆಡ್‌ಶೀಟುಗಳ ಗುಡ್ಡೆ ಬುಟ್ಟಿಯಲ್ಲಿತ್ತು. ತಂತಿ ಖಾಲಿಯಿತ್ತು. ಮಸಿ ಹಲಗೆಯನ್ನು ಮೆಟ್ಟಿಲಿಗೆ ಒರಗಿಸಿ, ಬಣ್ಣದ ಡಬ್ಬಿ ತೆರೆದು, ಲೋಟಕ್ಕೆ ನೀರು ಹಿಡಿದು ಕೂತಳು.

“ಅಕ್ಕಾ, ಬಾ.”

ಅಕ್ಕ ತಿರುಗಿ ಚಿತ್ರ ನೋಡಿದಳು. “ಬಂದೆ ಇರು. ಇದಿಷ್ಟು ಹರವಿಬಿಡ್ತೀನಿ.”

ಮಸಿ ಕಾದಳು. ಅಕ್ಕ ಒಂದು ಬೆಡ್‌ಶೀಟು ಎತ್ತಿ ಕೊಡವಿದಳು, ಎಡ ಹೆಗಲು ಅರ್ಧಕ್ಕೇ ನಿಂತಿತು, ಕೈ ಇಳಿಸಿ, ಉಸಿರೆಳೆದು, ಮತ್ತೆ ಎತ್ತಿದಳು. ಇಷ್ಟು ವರ್ಷ ಇದೇ ಮೆಟ್ಟಿಲ ಮೇಲೆ ಕೂತು ಮಸಿ ಆ ಕೈಗಳ ಓಟವನ್ನು ನೋಡಿದ್ದಳು. ಗೆರೆ ಹೇಗಿದೆ, ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿದ್ದಳು. ಅದು ನೋಯುತ್ತದೆಂದೂ ನೋಡಿದ್ದಳು, ಆಗಲೂ ಪೆನ್ಸಿಲ್ ಕೆಳಗಿಟ್ಟಿರಲಿಲ್ಲ. ನಿಲ್ಲು ನಿಲ್ಲು ಎಂದು ಕೂತಲ್ಲಿಂದ ಕೂಗಿದ್ದೇ ಬಂತು.

ಅವಳು ಎದ್ದಳು. ಮಂಡಿ ಲಟಕ್ಕೆಂದಿತು. ಹೋಗಿ ಅಕ್ಕನ ಕೈಯಿಂದ ಬೆಡ್‌ಶೀಟಿನ ಒಂದು ತುದಿ ತೆಗೆದುಕೊಂಡಳು, ಆಮೇಲೆ ಇನ್ನೊಂದು ತುದಿಯನ್ನೂ.

“ಏನಿದು ಹೊಸ ವೇಷ?” ಎಂದಳು ಅಕ್ಕ.

“ನೀನು ಕೂತ್ಕೋ.”

“ನಿನಗೆ ಬರಲ್ಲ ಕಣೇ ಅದು. ಅಂಚಿಗೆ ಅಂಚು ಸೇರಿಸ್ಬೇಕು. ಲಾಡ್ಜಿನವರು ಸುಕ್ಕು ನೋಡಿದ್ರೆ ವಾಪಸ್ ಕಳಿಸ್ತಾರೆ.”

“ಕೂತ್ಕೊಂಡು ಹೇಳಿಕೊಡು.”

ಅಕ್ಕ ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಖಾಲಿ ಕೈಯಲ್ಲಿ ನಿಂತಳು. ನಂತರ ಒಗೆಯುವ ಕಲ್ಲಿನ ಅಂಚಿನ ಮೇಲೆ, ಬೇರೆಯವರ ಮನೆಯ ಕುರ್ಚಿಯ ಮೇಲೆ ಕೂರುವಂತೆ, ಅರ್ಧವೇ ಕೂತಳು. “ಎಳೀಬೇಡ, ಕೊಡವು. ಹಾಂ. ಇನ್ನೊಂದು ಸಲ. ಕ್ಲಿಪ್ಪು ಮೂಲೇಲಿ ಹಾಕು, ನಡುವೆ ಹಾಕಿದ್ರೆ ಜೋಲುತ್ತೆ. ದೇವರೇ, ಬದನೆಕಾಯಿ ಬರೆಯೋ ಕೈ ಇದು.” ಎರಡನೆಯದನ್ನು ಹರವುವಾಗಲೂ ತಪ್ಪು ಹುಡುಕಿದಳು. ಮೂರನೆಯದಕ್ಕೆ ಬರೀ “ಹೂಂ” ಎಂದಳು. ಆಮೇಲೆ ಅದೂ ನಿಂತಿತು.

ಮಸಿ ತಿರುಗಿ ನೋಡಿದಳು. ಅಕ್ಕ ಪೂರ್ತಿ ಕೂತುಬಿಟ್ಟಿದ್ದಳು. ಬೆನ್ನು ಬಾಗಿತ್ತು, ನೀರಿಗೆ ಬಿಳಿಚಿಕೊಂಡ ಕೈಗಳು ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದಿದ್ದವು, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ. ಕಾಲುಗಳು ಒದ್ದೆ ನೆಲದ ಮೇಲೆ ಚಾಚಿದ್ದವು. ಕಣ್ಣು ದಾಳಿಂಬೆ ಗಿಡದ ಕಡೆಗಿತ್ತು, ಗಿಡವನ್ನು ನೋಡುತ್ತಿರಲಿಲ್ಲ. ಅವಳ ಹಿಂದೆ ತಂತಿಯ ಮೇಲೆ ಬೆಡ್‌ಶೀಟು ಗಾಳಿಗೆ ಉಬ್ಬಿ ಇಳಿಯುತ್ತಿತ್ತು.

ಮಸಿ ಸದ್ದಿಲ್ಲದೆ ಮೆಟ್ಟಿಲಿಗೆ ಬಂದಳು. ಬ್ರಷ್ಷು ಅದ್ದಿದವಳ ಕೈ ಅಲ್ಲೇ ನಿಂತಿತು. ಬಿಟ್ಟ ಜಾಗ ನಿಂತ ಹೆಂಗಸಿನದು, ಕೈಯೆತ್ತಿದವಳದು, ಎಂದೋ ತೆಳ್ಳಗಿದ್ದವಳದು. ಕೂತ ಅಕ್ಕ ಅದರೊಳಗೆ ಹೇಗೆ ಹಿಡಿದಾಳು? ಕಾಗದವನ್ನೂ ಅಕ್ಕನನ್ನೂ ಮತ್ತೆ ಮತ್ತೆ ನೋಡಿದಳು. ಅಕ್ಕನ ಮುಖ, ಅಕ್ಕನ ಕೈ ಎರಡೂ ಬಿಳಿಯೊಳಗೇ ಬರುತ್ತಿದ್ದವು. ಅಗಲವಾದ ಮಂಡಿಗಳು ಮೊದಲೇ ಬರೆದ ಕಲ್ಲಿನ ಮೇಲೆ ಚಾಚುತ್ತಿದ್ದವು. ಆದರೆ ಅವಳುಟ್ಟ ಸೀರೆಯ ಕಪ್ಪು ನೀಲಿಯ ಕೆಳಗೆ ಕಲ್ಲಿನ ಬೂದು ಸುಮ್ಮನೆ ಮುಳುಗಿಹೋಗುತ್ತದೆ. ಉಳಿದ ಬಿಳಿ? ಎತ್ತಿದ ಕೈಗಳಿಗೆಂದು ಬಿಟ್ಟದ್ದು, ತಲೆಗೆಂದು ಬಿಟ್ಟದ್ದು, ಬಟ್ಟೆಗೆಂದು ಬಿಟ್ಟದ್ದು, ಎಲ್ಲವೂ ಸೇರಿ ಒಂದೇ ಬೆಡ್‌ಶೀಟು. ಆಗಲೇ ಹರವಿದ್ದು.

ಅವಳು ಬೇಗ ಬೇಗ ಬರೆದಳು. ಮೊದಲು ಮುಖದ ಕಂದು, ಅದು ಹಸಿಯಿರುವಾಗಲೇ ಕೆನ್ನೆಯ ಕೆಳಗಿನ ನೆರಳು. ಬಾಗಿದ ಹೆಗಲು, ಎಡಗಡೆ ಸ್ವಲ್ಪ ಕೆಳಗೆ. ಕಪ್ಪು ನೀಲಿ ಕಲ್ಲಿನ ಮೇಲೆ ಹರಿದು, ಮಂಡಿಯ ಹತ್ತಿರ ತಾನಾಗಿ ನಿಂತಿತು. ಬೆಡ್‌ಶೀಟಿಗೆ ಎರಡೇ ತೆಳು ಮಡಿಕೆ, ನೀಲಿ ನೀರಿನಷ್ಟು ತೆಳು.

“ಬರೀತಿದ್ಯಾ?” ಅಕ್ಕ ಅಲುಗಾಡದೆ ಕೇಳಿದಳು. ದನಿಯಲ್ಲಿ ಅರ್ಧ ನಿದ್ದೆ.

“ಹೂಂ.”

“ಕೂತಿರೋ ಹಾಗೇ ಬರೀತೀಯಾ? ನೋಡಿದವರು ಸೋಂಬೇರಿ ಅಂದ್ಕೊಳ್ತಾರೆ.”

“ಅಂದ್ಕೊಳ್ಳಲಿ.”

ಅಕ್ಕ ಸ್ವಲ್ಪ ಯೋಚಿಸಿದಳು. ಏಳುವ ಲಕ್ಷಣ ಕಾಣಲಿಲ್ಲ. “ಬುಟ್ಟೀಲಿ ಇನ್ನೂ ಇದೆ” ಎಂದಳು.

“ನಾನು ಹಾಕ್ತೀನಿ.”

“ಸುಕ್ಕು ಮಾಡಿ ಹಾಕ್ತೀಯ” ಎಂದು ಅಕ್ಕ ಕಣ್ಣು ಮುಚ್ಚಿದಳು.

ಒಳಕೋಣೆಯಿಂದ ಭಾವನ ಗೊರಕೆ ಬರುತ್ತಿತ್ತು. ಗುಬ್ಬಿಗಳು ಬಂದು ಬುಟ್ಟಿಯ ಅಂಚಿನ ಮೇಲೆ ಕೂತು, ಬಟ್ಟೆ ತಿನ್ನುವ ವಸ್ತುವಲ್ಲವೆಂದು ತಿಳಿದು ಹಾರಿದವು. ಮಸಿ ಕೊನೆಗೆ ಕೈಗಳಿಗೆ ಬಂದಳು. ಅಂಗೈಗಳ ಬಿಳುಪನ್ನು ಕಾಗದದ ಬಿಳಿಯಲ್ಲೇ ಬಿಟ್ಟು, ಬೆರಳುಗಳ ನಡುವೆ ಒಂದೊಂದು ಗೆರೆಯ ನೆರಳು ಹಾಕಿದಳು. ಕಿರುಬೆರಳಿನ ನೆರಳು ಆಯಿತು. ಬ್ರಷ್ಷನ್ನು ಲೋಟದ ನೀರಿನಲ್ಲಿ ಅಲುಗಿಸಿ, ಪಕ್ಕಕ್ಕಿಟ್ಟಳು.